ಇಪ್ಪತ್ತೈದು ಡಿಗ್ರಿಯ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನ ಮುಂದೆ ಯಾರೂ ಯಾವ ಮಾತನ್ನೂ ಸುಮ್ಮನೆ ಆಡುವ ಹಾಗಿರಲಿಲ್ಲ. "ಇವತ್ತು ತೊಟ್ಟಿಯ ನೀರು ಚೆನ್ನಾಗಿದೆ" ಎಂದರೆ "ಎಷ್ಟು ಡಿಗ್ರಿಯಲ್ಲಿ?" ಎಂದು ಕೇಳುತ್ತಿದ್ದಳು. "ಪಕ್ಕದ ಮನೆಯವರು ಒಳ್ಳೆಯ ಜನ" ಎಂದರೂ ಅದೇ ಪ್ರಶ್ನೆ. ಒಮ್ಮೆ ಅವಳ ಮದುವೆಯ ಮಾತುಕತೆಗೆಂದು ಬಂದಿದ್ದ ಒಬ್ಬ ಮಹಾನುಭಾವರು ಕುರ್ಚಿಯ ತುದಿಯಲ್ಲಿ ಕೂತು, ತಾವು ಬಹಳ ಶಾಂತ ಸ್ವಭಾವದವರೆಂದು ತಮ್ಮ ಗುಣಗಾನ ತಾವೇ ಮಾಡಿಕೊಂಡರು. ಚಿಕ್ಕಮ್ಮ ಅವರ ಕೈಗೆ ಚಹಾ ಕೊಡುತ್ತಾ, "ಎಷ್ಟು ಡಿಗ್ರಿಯಲ್ಲಿ?" ಎಂದಳು. ಅವರು ಪಾಪ, ಚಹಾದ ವಿಷಯ ಇರಬೇಕೆಂದುಕೊಂಡು, "ಸ್ವಲ್ಪ ಬಿಸಿ ಜಾಸ್ತಿ ಇದ್ರೆ ನಂಗಿಷ್ಟ" ಎಂದರು. ಚಿಕ್ಕಮ್ಮ ಅಡುಗೆಮನೆಗೆ ಬಂದು ಅಮ್ಮನ ಕಿವಿಯಲ್ಲಿ, "ಅಕ್ಕಾ, ಇವರು ಬಿಸಿಯಲ್ಲಿ ಜಾಸ್ತಿ ತೋರಿಸೋ ಪೈಕಿ. ಬೇಡ" ಎಂದು ಹೇಳಿ ಕೈತೊಳೆದುಕೊಂಡಳು.

ಅಂದಿನಿಂದ ಅಪ್ಪ ಅವಳಿಗೆ ಇಪ್ಪತ್ತೈದು ಎಂದು ಹೆಸರಿಟ್ಟ. "ಇಪ್ಪತ್ತೈದು ಎದ್ದಳಾ? ಇಪ್ಪತ್ತೈದು ಊಟ ಮಾಡಿದಳಾ?" ಎಂದೇ ವಿಚಾರಿಸುತ್ತಿದ್ದ. ಅವಳಿಗೆ ಬೇಸರವೇನೂ ಇರಲಿಲ್ಲ. ಹೊಗಳಿಕೆಯೆಂದೇ ತಿಳಿದಿದ್ದಳು.

ಹೆಸರಿನ ಹಿಂದೆ ಅವಳ ಕೆಲಸವಿತ್ತು. ಚಿಕ್ಕಮ್ಮ ಮತ್ತು ನಾನು ಇಬ್ಬರೂ ಒಂದೇ ಕಡೆ ದುಡಿಯುತ್ತಿದ್ದೆವು. ಅದು ಮಣ್ಣಿಲ್ಲದೆ ಬರೀ ನೀರಿನಲ್ಲಿ ಸೊಪ್ಪು ಬೆಳೆಯುವ ದೊಡ್ಡ ಗಾಜಿನ ಮನೆ. ನಾನು ಕೊನೆಯ ಶೆಡ್ಡಿನಲ್ಲಿ ಸೊಪ್ಪನ್ನು ಪೆಟ್ಟಿಗೆಗೆ ತುಂಬುವವಳು. ಅವಳು ಪಂಪಿನ ಕೋಣೆಯ ಪಕ್ಕದ ಪುಟ್ಟ ಲ್ಯಾಬಿನ ಒಡತಿ. ಒಂದು ಮೇಜು, ಒಂದು ಸಿಂಕು, ಸೋರುವ ನಲ್ಲಿ, ಗೋಡೆಗೆ ಅಂಟಿಸಿದ ಹಳದಿ ಹಾಳೆ, ಮತ್ತು ಕಂಡಕ್ಟಿವಿಟಿ ಮೀಟರ್. ಅಲ್ಲಿ ಅವಳು ಯಾರಿಗೂ ಸೊಪ್ಪು ಹಾಕುತ್ತಿರಲಿಲ್ಲ, ಅದೂ ಸೊಪ್ಪು ಬೆಳೆಯುವ ಜಾಗದಲ್ಲಿ.

ಆ ಮೀಟರಿನ ಕೆಲಸ ಇಷ್ಟೇ. ನೀರಿಗೆ ಗೊಬ್ಬರದ ಉಪ್ಪು ಬೆರೆಸಿದರೆ ಅದರಲ್ಲಿ ಕರೆಂಟು ಸುಲಭವಾಗಿ ಹರಿಯುತ್ತದೆ. ಉಪ್ಪು ಹೆಚ್ಚಾದಷ್ಟೂ ಮೀಟರಿನ ಅಂಕಿ ಮೇಲೇರುತ್ತದೆ. ಅಂಕಿ ಕಡಿಮೆಯಾದರೆ ಗಿಡಕ್ಕೆ ಹಸಿವು, ಹೆಚ್ಚಾದರೆ ಎಲೆಯ ಅಂಚು ಸುಡುತ್ತದೆ. ಆದರೆ ನೀರು ಬಿಸಿಯಾದರೂ ಅಂಕಿ ಏರುತ್ತದೆ, ತಣ್ಣಗಾದರೆ ಇಳಿಯುತ್ತದೆ, ಉಪ್ಪು ಅಷ್ಟೇ ಇದ್ದರೂ! ಆದ್ದರಿಂದ ಲೋಕದವರೆಲ್ಲ ಸೇರಿ, ಇಪ್ಪತ್ತೈದು ಡಿಗ್ರಿಯಲ್ಲಿ ಎಷ್ಟೋ ಅದೇ ಲೆಕ್ಕ ಎಂದು ಒಪ್ಪಿಕೊಂಡಿದ್ದಾರೆ. ಮೀಟರ್ ಸರಿಯಿದೆಯೇ ಎಂದು ನೋಡಲು ಒಂದು ಸ್ಟ್ಯಾಂಡರ್ಡ್ ದ್ರಾವಣ ಬಾಟಲಿಯಲ್ಲಿ ಬರುತ್ತದೆ. ಇಪ್ಪತ್ತೈದು ಡಿಗ್ರಿಯಲ್ಲಿ ಅದು ಸಾವಿರದ ನಾನೂರ ಹದಿಮೂರು ತೋರಿಸಬೇಕು. ಹದಿನೈದು ಡಿಗ್ರಿಯ ಚಳಿಯಲ್ಲಾದರೆ ಅದೇ ದ್ರಾವಣ ಸಾವಿರದ ನೂರ ನಲವತ್ತೇಳಕ್ಕೆ ಇಳಿದಿರುತ್ತದೆ. ಯಾವ ಡಿಗ್ರಿಗೆ ಎಷ್ಟು ಎಂಬುದೆಲ್ಲ ಗೋಡೆಯ ಹಳದಿ ಹಾಳೆಯಲ್ಲಿತ್ತು. ಚಿಕ್ಕಮ್ಮ ಹಾಳೆ ನೋಡುತ್ತಲೇ ಇರಲಿಲ್ಲ. ಅವಳಿಗೆ ಅದು ಬಾಯಿಪಾಠ.

ಈ ವಿದ್ಯೆಯನ್ನು ಅವಳು ಮನೆಗೂ ತಂದಿದ್ದಳು. ಕಿಟಕಿ ತೆರೆಯುವ ವಿಷಯಕ್ಕೆ ಅಪ್ಪ ಅಮ್ಮ ಕಾಲು ಕೆರೆದು ಜಗಳಕ್ಕೆ ನಿಂತರೆ ಚಿಕ್ಕಮ್ಮ ನಡುವೆ ಬಂದು, "ಭಾವ, ನೀವು ವರಾಂಡಕ್ಕೆ ಹೋಗಿ. ಅಕ್ಕಾ, ನೀನು ಒಳಗೆ. ಇಬ್ಬರೂ ಇಪ್ಪತ್ತೈದಕ್ಕೆ ಬನ್ನಿ, ಆಮೇಲೆ ತಪ್ಪು ಯಾರದು ನೋಡೋಣ" ಎನ್ನುತ್ತಿದ್ದಳು. ಅವರು ಇಪ್ಪತ್ತೈದಕ್ಕೆ ಬರುವಷ್ಟರಲ್ಲಿ ಜಗಳ ಯಾಕೆಂಬುದೇ ಮರೆತಿರುತ್ತಿತ್ತು. "ನನ್ನ ಎಷ್ಟು ಒಳ್ಳೊಳ್ಳೆ ಜಗಳ ಇವಳು ಆರಿಸಿ ಹಾಳು ಮಾಡಿದಳು!" ಎಂದು ಅಪ್ಪ ಹಲುಬುತ್ತಿದ್ದ. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ಕೋಪ ಬಂದಾಗ ಕೂಗಾಡಲಿಕ್ಕೂ ಬಿಡದ ಮನೆ ಯಾವ ಮನೆ?

ಇನ್ನು ಗೊಬ್ಬರಣ್ಣ. ತೊಟ್ಟಿಗಳಿಗೆ ಗೊಬ್ಬರದ ಉಪ್ಪು ಬೆರೆಸುವ ಕೆಲಸ ಅವರದು. ನಡುವಯಸ್ಸು, ಒಂಟಿ ಜೀವ, ಎತ್ತರದ ಆಳು, ಎಲ್ಲಿ ನಿಂತರೂ ಅಡ್ಡವಾದೆನೇನೋ ಎಂಬಂತೆ ಪಕ್ಕಕ್ಕೆ ಸರಿಯುವ ಮನುಷ್ಯ. ದಿನವಿಡೀ ಕೈಯಲ್ಲಿ ಬಕೆಟ್ ಹಿಡಿದಿದ್ದರೂ ಯಾರಿಗೂ ಬಕೆಟ್ ಹಿಡಿದವರಲ್ಲ. ಯಜಮಾನರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರೂ ಅವರನ್ನು ಗೊಬ್ಬರಣ್ಣ ಎಂದೇ ಕರೆಯುತ್ತಿದ್ದರು. ಆ ಇಡೀ ಜಾಗದಲ್ಲಿ ಅವರನ್ನು ಅಣ್ಣ ಎನ್ನದವಳು ನಮ್ಮ ಚಿಕ್ಕಮ್ಮ ಒಬ್ಬಳೇ. "ರೀ, ಇಲ್ಲಿ ಬನ್ನಿ" ಎನ್ನುತ್ತಿದ್ದಳು. ಇದರಲ್ಲಿ ಏನಾದರೂ ಇದ್ದೀತೆಂದು ನನ್ನ ಮಂದ ಬುದ್ಧಿಗೆ ಬಹಳ ಕಾಲ ಹೊಳೆಯಲಿಲ್ಲ.

ದಿನವೂ ಬೆಳಿಗ್ಗೆ ಗೊಬ್ಬರಣ್ಣ ಹೀಟರಿನಿಂದ ಸದಾ ಇಪ್ಪತ್ತೈದರಲ್ಲೇ ಇರುವ ತೊಟ್ಟಿಯ ನೀರನ್ನು ಲೋಟದಲ್ಲಿ ತಂದು, ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. "ಇವತ್ತು ಹೇಗಿದೆ ಮೇಡಂ?" ಎನ್ನುತ್ತಿದ್ದರು. ಚಿಕ್ಕಮ್ಮ ಅಳೆದು, "ಸ್ವಲ್ಪ ತೆಳು. ಅರ್ಧ ಬಕೆಟ್ ಹಾಕಿ" ಎಂದರೆ ಅರ್ಧ ಬಕೆಟ್. "ಸಾಕು" ಎಂದರೆ ಸಾಕು. ಅವಳು ಹೇಳಿದ ಮೇಲೆ ಒಂದು ಚಮಚ ಹೆಚ್ಚಿಲ್ಲ, ಒಂದು ಚಮಚ ಕಡಿಮೆಯಿಲ್ಲ.

ಹೀಗಿರುವಾಗ ಹಳೆಯ ಮೀಟರ್ ಕೈಕೊಟ್ಟು ಹೊಸದು ಬಂತು. ನುಣ್ಣಗೆ, ಬೆಳ್ಳಗೆ, ಮುಳ್ಳಿನ ಬದಲು ಹೊಳೆಯುವ ಅಂಕಿ. ಆಗ ಸೆಕೆಯೂ ಅಲ್ಲದ ಚಳಿಯೂ ಅಲ್ಲದ ಹಿತವಾದ ದಿನಗಳು. ಲ್ಯಾಬು ತಾನಾಗಿಯೇ ಇಪ್ಪತ್ತೈದರ ಆಸುಪಾಸಿನಲ್ಲಿತ್ತು. ಹೊಸ ಮೀಟರಿಗೂ ಚಿಕ್ಕಮ್ಮನಿಗೂ ಭಿನ್ನಾಭಿಪ್ರಾಯಕ್ಕೆ ಕಾರಣವೇ ಇರಲಿಲ್ಲ. ಜೊತೆಗೆ ಬಂದ ದಪ್ಪ ಕೈಪಿಡಿ ಅಲುಗಾಡುವ ಮೇಜಿನ ಕಾಲಿಗೆ ಹೇಳಿ ಮಾಡಿಸಿದ ಹಾಗಿತ್ತು, ಅಲ್ಲೇ ಸೇರಿತು.

ಆಮೇಲೆ ಚಳಿಗಾಲ ಬಂತು. ಒಂದು ಬೆಳಿಗ್ಗೆ ನಾನು ಪೆಟ್ಟಿಗೆಗೆ ಅಂಟಿಸುವ ಟೇಪು ಕೇಳಲು ಲ್ಯಾಬಿಗೆ ಹೋದರೆ ಚಿಕ್ಕಮ್ಮ ಸ್ವೆಟರಿನ ಮೇಲೆ ಶಾಲು ಹೊದ್ದು ಮೀಟರನ್ನು ದುರುಗುಟ್ಟಿ ನೋಡುತ್ತಿದ್ದಳು. ಬಾಟಲಿಯ ದ್ರಾವಣ ಕೊರೆಯುವಷ್ಟು ತಣ್ಣಗಿದೆ, ಮೀಟರ್ ಮಾತ್ರ ಸಾವಿರದ ನಾನೂರ ಹದಿಮೂರು ತೋರಿಸುತ್ತಿದೆ.

"ನೋಡೇ ಇದನ್ನ! ಈ ಚಳಿಯಲ್ಲೂ ಹದಿಮೂರಂತೆ. ಯಾರ ಕಿವಿಗೆ ಹೂವಿಡೋಕೆ ಬಂದಿದೆ ಇದು?" ಎಂದವಳೇ ಥರ್ಮಾಮೀಟರ್ ಅದ್ದಿ, ಹದಿನಾರು ಎಂದು ನೋಡಿ, ಹದಿನಾರಕ್ಕೆ ಹಾಳೆಯಲ್ಲಿ ಎಷ್ಟಿತ್ತೋ ಅಷ್ಟಕ್ಕೆ ಬರುವ ತನಕ ಗುಂಡಿಯನ್ನು ಒತ್ತಿದಳು, ತುಂಟ ಮಗುವಿನ ಕಿವಿ ಹಿಂಡುವ ಹಾಗೆ. "ಹಾಂ, ಈಗ ದಾರಿಗೆ ಬಂತು."

ಅಂದಿನಿಂದ ಪ್ರತಿದಿನ ಅದಕ್ಕೆ ಆ ಶಾಸ್ತಿ. ಚಳಿ ಏರಿದಂತೆ ಶಾಸ್ತಿಯೂ ಏರಿತು.

ಕೆಲವು ವಾರ ಕಳೆಯುವಷ್ಟರಲ್ಲಿ ನನ್ನ ಮೇಜಿಗೆ ಬರುವ ಸೊಪ್ಪಿನ ಅಂಚು ಕಂದತೊಡಗಿತು. ಮೊದಲು ಒಂದೆರಡು ಎಲೆ, ಆಮೇಲೆ ಪೆಟ್ಟಿಗೆಗೆ ಹಾಕುವುದಕ್ಕಿಂತ ಕಿತ್ತು ಬಿಸಾಡುವುದೇ ಹೆಚ್ಚಾಯಿತು. ಕೊನೆಗೊಂದು ದಿನ ಕಳಿಸಿದ ಲೋಡು ಪೂರ್ತಿ ವಾಪಸು ಬಂತು. ಯಜಮಾನರು ಸುಟ್ಟ ಸೊಪ್ಪಿನ ಒಂದು ಕಂತೆಯನ್ನು ಹಿಡಿದು ಲ್ಯಾಬಿಗೆ ನುಗ್ಗಿದರು. ಅವರಿಗೆ ಕೋಪ ಮೂಗಿನ ತುದಿಯಲ್ಲಿ. ಕೋಪ ಬಂದಾಗ ಪೆನ್ನಿನ ಮುಚ್ಚಳ ಕಚ್ಚುವುದು ಅಭ್ಯಾಸ. ಅವರ ಜೇಬಿನ ಒಂದು ಪೆನ್ನಿಗೂ ನೆಟ್ಟಗಿನ ಮುಚ್ಚಳ ಇರಲಿಲ್ಲ. ವಾಪಸು ಬಂದ ಪೆಟ್ಟಿಗೆ ಎಣಿಸಿ ಕೊಡಲು ಹೋಗಿದ್ದ ನಾನೂ ಅಲ್ಲೇ ಇದ್ದೆ.

"ಇದು ಗೊಬ್ಬರ ಜಾಸ್ತಿಯಾಗಿ ಸುಟ್ಟಿದ್ದು, ನಂಗೊತ್ತಿಲ್ವಾ? ನಿಮ್ಮ ಅಳತೆ ದಿನಾ ಸರಿಯಾಗಿದೆ ಅಂತಿದೆ. ಅಂದ್ರೆ ಅಳತೆ ಆದ್ಮೇಲೆ ಯಾರೋ ಮತ್ತೆ ಸುರೀತಿದಾರೆ ಅಂತಾಯ್ತು." ಗೊಬ್ಬರಣ್ಣನ ಕಡೆ ತಿರುಗಿ, "ಏನಪ್ಪಾ? ನಾಳೆಯಿಂದ ಬರೋದು ಬೇಡ ನೀನು" ಎಂದರು.

ಗೊಬ್ಬರಣ್ಣ ಬಾಗಿಲಿನಿಂದ ಇನ್ನಷ್ಟು ಪಕ್ಕಕ್ಕೆ ಸರಿದರು. "ಮೇಡಂ ಹೇಳಿದಷ್ಟೇ ಹಾಕಿದೀನಿ ಸಾರ್."

"ಮೀಟರ್ ತಪ್ಪಿರಬಹುದಾ?" ಯಜಮಾನರು ಚಿಕ್ಕಮ್ಮನನ್ನು ಕೇಳಿದರು.

"ಮೀಟರ್ ಸುಳ್ಳು ಹೇಳಲ್ಲ" ಎಂದಳು ಚಿಕ್ಕಮ್ಮ. "ದಿನಾ ಬೆಳಿಗ್ಗೆ ನಾನೇ ಸರಿ ಮಾಡ್ತೀನಿ."

ಗೊಬ್ಬರಣ್ಣ ಒಮ್ಮೆ ಅವಳ ಮುಖ ನೋಡಿದರು, ಆಮೇಲೆ ನೆಲ ನೋಡಿದರು. ಆ ಮನುಷ್ಯನ ಕೆಲಸ ಅವಳ ಒಂದು ಮಾತಿಗೆ ಹೋಗುವುದರಲ್ಲಿತ್ತು.

ಅದು ಅವಳಿಗೂ ತಿಳಿಯಿತೆಂದು ಕಾಣುತ್ತದೆ. "ಆದ್ರೆ ಬರೀ ಮಾತಲ್ಲಿ ಯಾಕೆ ಸಾರ್? ಊಟ ಆದ್ಮೇಲೆ ನಿಮ್ಮೆದುರಿಗೇ ತೋರಿಸ್ತೀನಿ. ದ್ರಾವಣನ ಇಪ್ಪತ್ತೈದಕ್ಕೇ ತಂದು ಅಳೆಯೋಣ. ಇಪ್ಪತ್ತೈದರಲ್ಲಿ ಹಾಳೆ ಬೇಡ, ಲೆಕ್ಕ ಬೇಡ, ತಿದ್ದೋದೇ ಬೇಡ. ಸಾವಿರದ ನಾನೂರ ಹದಿಮೂರು ಬಂದ್ರೆ ಮೀಟರ್ ಸರಿ. ಬರದಿದ್ರೆ ತಪ್ಪು." ಎಂದು ಬಾಟಲಿಯಿಂದ ಒಂದು ಚಿಕ್ಕ ಸೀಸೆಗೆ ದ್ರಾವಣ ಬಗ್ಗಿಸಿ, ಬಿರಡೆ ಬಿಗಿದು ಗೊಬ್ಬರಣ್ಣನಿಗೇ ಕೊಟ್ಟಳು. "ರೀ, ನೀವೇ ಬೆಚ್ಚಗೆ ಮಾಡ್ಕೊಂಡು ಬನ್ನಿ. ಆಮೇಲೆ ನಾನು ಏನೋ ಕೈಚಳಕ ಮಾಡಿದೆ ಅನ್ನೋದು ಬೇಡ. ಬಿಸಿನೀರಲ್ಲಿ ಇಡ್ಬೇಡಿ, ಒಂದೇ ಸಮ ಬಿಸಿಯಾಗಲ್ಲ. ಕಂಕುಳಲ್ಲಿಟ್ಕೊಳ್ಳಿ."

ಊಟದ ಹೊತ್ತಿಗೆ ಚಿಕ್ಕಮ್ಮ ಡಬ್ಬಿಯ ಮುಚ್ಚಳವನ್ನೂ ತೆಗೆಯಲಿಲ್ಲ. "ಗೊಬ್ಬರಣ್ಣ ಹಾಗೆ ಮಾಡೋರಾ ಚಿಕ್ಕಮ್ಮಾ?" ಎಂದು ಕೇಳಿದೆ.

"ನಂಗೂ ಹಾಗನ್ಸಲ್ಲ ಕಣೇ. ಆದ್ರೆ ಅನ್ಸೋದನ್ನ ಅಳೆಯೋಕೆ ಏನಿದೆ ಹೇಳು?"

"ಹೋಗಿ ಅವರನ್ನೇ ಕೇಳಬಾರದಾ?"

"ಈಗ ಅವರೂ ಬಿಸಿಯಾಗಿರ್ತಾರೆ, ನಾನೂ ಬಿಸಿಯಾಗಿದೀನಿ. ಸರಿಯಾದ ಉತ್ತರ ಬರಲ್ಲ" ಎಂದಳು. ನನಗೆ ಅವಳ ಡಬ್ಬಿಯನ್ನು ಅವಳ ತಲೆಯ ಮೇಲೇ ಬಗ್ಗಿಸಬೇಕೆನ್ನಿಸಿತು.

ಊಟವಾದ ಮೇಲೆ ಯಜಮಾನರು ಬಂದು ಕುರ್ಚಿಯಲ್ಲಿ ಕೂತರು. ಯಾರೂ ಕರೆಯದಿದ್ದರೂ ನಾನು ಹೋಗಿ ಬಾಗಿಲಲ್ಲಿ ನಿಂತೆ. ಗೊಬ್ಬರಣ್ಣ ಎಡಗೈಯನ್ನು ಮೈಗೆ ಬಿಗಿಯಾಗಿ ಒತ್ತಿಕೊಂಡು, ಒಂದು ಭುಜ ಮೇಲೆ ಒಂದು ಭುಜ ಕೆಳಗೆ ಮಾಡಿಕೊಂಡು ಒಳಗೆ ಬಂದರು. ಇದಾವುದೋ ಹೊಸ ಬಗೆಯ ಉದ್ಧಟತನವೆಂದು ಯಜಮಾನರಿಗೆ ಅನ್ನಿಸಿರಬೇಕು.

"ನೆಟ್ಟಗೆ ನಿಂತ್ಕೊಳ್ಳೋಕಾಗಲ್ವಾ?"

"ಆಗಲ್ಲ ಸಾರ್."

"ಯಾಕೆ?"

"ಬೀಳತ್ತೆ ಸಾರ್."

"ಏನು ಬೀಳತ್ತೆ?"

"ಸಾಕ್ಷಿ ಸಾರ್" ಎಂದರು ಗೊಬ್ಬರಣ್ಣ.

ಚಿಕ್ಕಮ್ಮ ಮುಂದೆ ಬಂದು ಥರ್ಮಾಮೀಟರನ್ನು ತೆಗೆದುಕೊಂಡಳು. ಗೊಬ್ಬರಣ್ಣ ಸ್ವೆಟರಿನ ಕತ್ತಿನೊಳಗೆ ಕೈ ಹಾಕಿ, ಅತ್ತ ತಡಕಿ ಇತ್ತ ತಡಕಿ, ಸೀಸೆಯನ್ನು ಹೊರತೆಗೆದರು. ಅಳೆದರೆ ಇಪ್ಪತ್ತೇಳು. "ನಿಮಗೆ ಮೈಬಿಸಿ ಜಾಸ್ತಿ" ಎಂದು ಚಿಕ್ಕಮ್ಮ ಗದರಿದಳು. ಆರುವ ತನಕ ಎಲ್ಲರೂ ಒಂದು ಸೀಸೆಯನ್ನು ನೋಡುತ್ತಾ ಕೂತೆವು. ಯಜಮಾನರು ಮುಚ್ಚಳ ಕಚ್ಚಿದರು. ನಲ್ಲಿ ತೊಟ್ಟಿಕ್ಕಿತು.

"ಇಪ್ಪತ್ತೈದು!" ಎಂದಳು ಚಿಕ್ಕಮ್ಮ ಕೊನೆಗೆ. ಮೀಟರಿನ ಕಡ್ಡಿಯನ್ನು ದ್ರಾವಣಕ್ಕೆ ಅದ್ದಿದಳು.

ಸಾವಿರದ ನೂರ ನಲವತ್ತೇಳು.

ಅವಳು ಕಡ್ಡಿಯನ್ನು ತೆಗೆದು ಒರೆಸಿ ಮತ್ತೆ ಅದ್ದಿದಳು. ಅದೇ ಅಂಕಿ. ಆ ಅಂಕಿ ಅವಳಿಗೆ ಚೆನ್ನಾಗಿ ಗೊತ್ತು, ಅದು ಹದಿನೈದು ಡಿಗ್ರಿಯದು. ಅಂದು ಬೆಳಿಗ್ಗೆ ಲ್ಯಾಬು ಅಷ್ಟೇ ತಣ್ಣಗಿತ್ತು, ಗುಂಡಿ ಒತ್ತಿ ಅಲ್ಲಿಗೆ ತಂದವಳು ಅವಳೇ. ಬೆಚ್ಚಗಿರುವ ದ್ರಾವಣ ತಣ್ಣಗಿನ ಅಂಕಿಯನ್ನೇಕೆ ತೋರಿಸುತ್ತಿದೆ? ಅವಳು ಮೇಜಿನ ಮೇಲಿದ್ದ ದೊಡ್ಡ ಬಾಟಲಿಯಿಂದ ಕೊರೆಯುವ ದ್ರಾವಣವನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿ ಅದಕ್ಕೂ ಕಡ್ಡಿ ಅದ್ದಿದಳು. ಅಲ್ಲೂ ಸಾವಿರದ ನೂರ ನಲವತ್ತೇಳು. ಬಿಸಿಗೂ ಅದೇ, ತಣ್ಣಗಿದ್ದುದಕ್ಕೂ ಅದೇ.

ಕುರ್ಚಿಗಾಗಿ ಹಿಂದೆ ಕೈಚಾಚಿದಳು, ಅದರಲ್ಲಿ ಯಜಮಾನರು ಕೂತಿದ್ದರು.

"ಇದು ತಾನೇ ತಿದ್ಕೊಳ್ಳತ್ತೆ" ಎಂದಳು. "ಈ ಮೀಟರ್ ಒಳಗೇ ಥರ್ಮಾಮೀಟರ್ ಇದೆ. ಏನೇ ಅದ್ದಿದ್ರೂ ತಾನೇ ಇಪ್ಪತ್ತೈದರ ಲೆಕ್ಕಕ್ಕೆ ತಂದು ಹೇಳತ್ತೆ. ಚಳಿಯಲ್ಲಿ ಅದು ಹದಿಮೂರು ಅಂದಿದ್ದು ನಿಜಾನೇ ಆಗಿತ್ತು. ಅದು ಒಂದ್ಸಲ ತಿದ್ದಿತ್ತು, ನಾನು ಮೇಲಿಂದ ಇನ್ನೊಂದ್ಸಲ ತಿದ್ದಿದೆ."

"ಅಂದ್ರೆ?" ಎಂದರು ಯಜಮಾನರು.

"ಅಂದ್ರೆ ನೀರಲ್ಲಿ ಹತ್ತು ಹಿಡಿ ಗೊಬ್ಬರ ಇದ್ರೆ ಮೀಟರ್ ಎಂಟು ಅಂತಿತ್ತು. ತೆಳು ಅಂದ್ಕೊಂಡು ಹಾಕಿ ಹಾಕಿ ಅಂತಿದ್ದೋಳು ನಾನು. ಅವರು ನಾನು ಹೇಳಿದಷ್ಟೇ ಹಾಕಿದಾರೆ, ಒಂದು ಚಮಚ ಹೆಚ್ಚಿಲ್ಲ. ಸೊಪ್ಪು ಸುಟ್ಟಿದ್ದು ನಾನು ಸಾರ್. ಕಳಿಸೋದಾದ್ರೆ ನನ್ನ ಕಳಿಸಿ."

ಯಜಮಾನರ ಬಾಯಲ್ಲಿ ಮುಚ್ಚಳ ಟಕ್ಕೆಂದು ಎರಡಾಯಿತು. ಕೆಳಗೆ ಬಿದ್ದ ತುಂಡನ್ನು ಹುಡುಕಲು ಬಗ್ಗಿದವರಿಗೆ ಮೇಜಿನ ಕಾಲಡಿಯ ಕೈಪಿಡಿ ಕಂಡಿತು. ಅಲ್ಲಿಗೆ ಅವರ ತಾಳ್ಮೆ ಮುಗಿಯಿತು. "ಇಬ್ರೂ ಹೋಗಿ! ನಾಳೆಯಿಂದ ಇಬ್ರ ಮುಖಾನೂ ತೋರಿಸ್ಬೇಡಿ!" ಎಂದು ಕಿಟಕಿಯ ಗಾಜು ಅದುರುವಂತೆ ಕೂಗಿದರು.

ಬೇರೆ ಯಾರಾದರೂ ಅತ್ತುಕೊಂಡು ಹೋಗುತ್ತಿದ್ದರು. ಚಿಕ್ಕಮ್ಮ ನಿಂತಲ್ಲೇ ನಿಂತು, "ಈ ಬಿಸಿಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ ಸಾರ್. ಬೆಳಿಗ್ಗೆ ಬಂದು ಇನ್ನೊಂದ್ಸಲ ಕೇಳ್ತೀನಿ" ಎಂದಳು. ತಪ್ಪೊಪ್ಪಿಕೊಂಡ ಮರುಕ್ಷಣವೇ ಉಪದೇಶ! ನನಗೆ ನಗು ತಡೆಯಲಾಗದೆ ಹೊರಗೆ ಓಡಿಬಂದೆ.

ಬೆಳಿಗ್ಗೆ ಯಜಮಾನರು ನಿಜವಾಗಿಯೂ ತಣ್ಣಗಾಗಿದ್ದರು. "ಮೀಟರನ್ನ ಅದರ ಪಾಡಿಗೆ ಬಿಡಿ. ಗೋಡೆ ಮೇಲಿನ ಆ ಹಾಳೆ ಕಿತ್ತಾಕಿ. ಕೈಪಿಡಿ ಓದಿ. ಇಬ್ರೂ ಕೆಲಸ ನೋಡಿ" ಎಂದು ಮುಖ ಗಂಟಿಕ್ಕಿಕೊಂಡು ಹೊರಟುಹೋದರು. ಅಪ್ಪ ಆ ರಾತ್ರಿ ಮೇಜಿನ ಕಾಲಿಗೆಂದು ಒಂದು ಮರದ ತುಂಡನ್ನು ನುಣ್ಣಗೆ ಕೆತ್ತಿ, ಅದರ ಮೇಲೆ ಇಪ್ಪತ್ತೈದು ಎಂದು ಬರೆದು ಕೊಟ್ಟ.

ಎಲ್ಲ ಸರಿಹೋಯಿತೆಂದು ನಾನು ತಿಳಿದಿದ್ದೆ. ಆಗಿರಲಿಲ್ಲ. ಗೊಬ್ಬರಣ್ಣ ಈಗ ಬೆಳಿಗ್ಗೆ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೋಗಿಬಿಡುತ್ತಿದ್ದರು. "ಹೇಗಿದೆ ಮೇಡಂ" ಇಲ್ಲ. ಚಿಕ್ಕಮ್ಮ "ಕ್ಷಮಿಸಿ ರೀ" ಎಂದರೆ "ಪರವಾಗಿಲ್ಲ ಮೇಡಂ." "ಬೇಜಾರಾಯ್ತಾ?" ಎಂದರೆ "ಇಲ್ಲ ಮೇಡಂ." ಎಲ್ಲರೂ ತಣ್ಣಗಾಗಲಿ ಎಂದು ಜೀವಮಾನವಿಡೀ ಕಾದವಳಿಗೆ ಈ ಒಬ್ಬ ಮನುಷ್ಯನ ತಣ್ಣಗಿನ ಮಾತನ್ನು ಸಹಿಸಲಾಗಲಿಲ್ಲ. ಮನೆಯಲ್ಲಿ ಅನ್ನ ಸೇರದು, ಅಪ್ಪ ಅಮ್ಮನ ಜಗಳ ಬಿಡಿಸಲೂ ಹೋಗಳು. ಅಪ್ಪ ಅಮ್ಮ ಕಿಟಕಿಯ ಜಗಳವನ್ನು ಮೊದಲಿಂದ ಕೊನೆಯ ತನಕ ಆಡಿ ಮುಗಿಸಿ, ಇಬ್ಬರೂ ಗಾಬರಿಯಾದರು. "ಇಪ್ಪತ್ತೈದಕ್ಕೆ ಏನಾಗಿದೆ?" ಎಂದು ಅಪ್ಪ ನನ್ನನ್ನು ಪಿಸುಮಾತಿನಲ್ಲಿ ಕೇಳಿದ.

ಕೊನೆಗೆ ಅವಳು ಒಂದು ದಿನ ಗೊಬ್ಬರ ಬೆರೆಸುವ ಕೋಣೆಗೇ ಹೋದಳು. ನಾನು ಖಾಲಿ ಪೆಟ್ಟಿಗೆ ತರುವ ನೆಪದಲ್ಲಿ ಹಿಂದೆಯೇ ಹೋದೆ. ಗೊಬ್ಬರಣ್ಣ ಬಕೆಟ್ಟಿನಲ್ಲಿ ಕೋಲಾಡಿಸುತ್ತಿದ್ದರು.

"ನಿಮಗೆ ಕೋಪ ಬರೋದೇ ಇಲ್ವೇನ್ರೀ?" ಎಂದಳು.

ಅವರು ಕೋಲು ನಿಲ್ಲಿಸಿದರು. "ಬಂದಿದೆ ಮೇಡಂ. ಅವತ್ತಿಂದ ಇದೆ. ತಣ್ಣಗಾದ ಮೇಲೆ ಹೇಳೋಣ ಅಂತ ಕಾಯ್ತಿದೀನಿ. ಆಗ್ತಾನೇ ಇಲ್ಲ."

ಚಿಕ್ಕಮ್ಮ ಬಕೆಟ್ಟಿನ ಪಕ್ಕಕ್ಕೆ ಬಂದು ನಿಂತು, "ಹಾಗಾದ್ರೆ ಬಿಸಿಯಲ್ಲೇ ಹೇಳಿ. ಎಷ್ಟಿದೆಯೋ ಅಷ್ಟೂ ಹೇಳಿ. ನಾನು ತಿದ್ದಲ್ಲ" ಎಂದಳು.

ಕೂಗಿ ಅಭ್ಯಾಸವಿಲ್ಲದವರು ಕೂಗಿದರೆ ಹೇಗಿರುತ್ತದೆಂದು ನಾನು ಅಂದು ಕಂಡೆ. ಗಂಟಲು ಒಡೆಯಿತು, ಕಿವಿ ಕೆಂಪಾಯಿತು, ಕೈಯ ಕೋಲನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. "ಇಷ್ಟು ವರ್ಷ ನೀವು ಹೇಳಿದ ಅಳತೆ ದಾಟಿದೀನಾ ನಾನು? ಒಂದು ಚಮಚ? ಯಜಮಾನರು ಏನಾದ್ರೂ ಅನ್ಲಿ, ಅವರು ಅನ್ನೋದೇ ಹಾಗೆ. ಕೆಲಸ ಹೋದ್ರೆ ಹೋಗ್ಲಿ, ಬೇರೆ ಸಿಗ್ತಿತ್ತು. ನೀವು! ನೀವು ಮೀಟರನ್ನ ನಂಬಿದ್ರಿ, ನನ್ನನ್ನ ಒಂದು ಮಾತು ಕೇಳಲಿಲ್ಲ. ಕಂಕುಳಲ್ಲಿ ಸೀಸೆ ಇಟ್ಕೋ ಅಂದ್ರಿ, ಇಟ್ಕೊಂಡೆ. ಊಟ ಮಾಡಿದ್ಯಾ ಅಂತ ಕೇಳಲಿಲ್ಲ!"

ಚಿಕ್ಕಮ್ಮನ ಕಣ್ಣು ತುಂಬಿಬಂತು. ಒರೆಸಿಕೊಳ್ಳಲಿಲ್ಲ. ವರಾಂಡಕ್ಕೆ ಹೋಗಿ ಎನ್ನಲಿಲ್ಲ, ಎಷ್ಟು ಡಿಗ್ರಿಯಲ್ಲಿ ಎನ್ನಲೂ ಇಲ್ಲ. "ಕೇಳಬೇಕಿತ್ತು" ಎಂದಳು. "ನಾನೂ ಅವತ್ತು ಊಟ ಮಾಡಿರಲಿಲ್ಲ. ಇನ್ನೂ ಇದೆಯಾ?"

"ಇದೆ" ಎಂದರು ಅವರು, ಏದುಸಿರು ಬಿಡುತ್ತಾ. "ಈಗ ನೆನಪಾಗ್ತಿಲ್ಲ."

"ನಾಳೆ ಅಂದ್ರೆ ತಣ್ಣಗಾಗಿಬಿಡತ್ತೆ. ಸಂಜೆ ಮನೆಗೆ ಬನ್ನಿ, ಅಲ್ಲೇ ಬೈಯಿರಿ."

ಸಂಜೆ ಬಾಗಿಲು ತೆರೆದವನು ಅಪ್ಪ. ಒಗೆದ ಅಂಗಿ ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡು ನಿಂತಿದ್ದ ಎತ್ತರದ ಆಸಾಮಿಯನ್ನು ಕಂಡು, "ಯಾರು ಬೇಕಿತ್ತು?" ಎಂದ.

"ಮೇಡಂ ಇದಾರಾ? ಬೈಯೋಕೆ ಬಂದಿದೀನಿ" ಎಂದರು ಗೊಬ್ಬರಣ್ಣ, ಪಕ್ಕಕ್ಕೆ ಸರಿಯುತ್ತಾ.

ಅಪ್ಪ ಅವರ ಎರಡೂ ಕೈ ಹಿಡಿದುಕೊಂಡ. "ಬನ್ನಿ ಬನ್ನಿ, ಒಳಗೆ ಬನ್ನಿ! ಇಷ್ಟು ವರ್ಷ ಎಲ್ಲಿದ್ರಿ?"

ಗೊಬ್ಬರಣ್ಣ, ಹಿಂದೆ ಆ ಮಹಾನುಭಾವರು ಕೂತಿದ್ದ ಅದೇ ಕುರ್ಚಿಯ ತುದಿಯಲ್ಲಿ ಕೂತರು. ಬೈಯುವುದು ಏನೂ ನೆನಪಾಗಲಿಲ್ಲವೆಂದು ಕಾಣುತ್ತದೆ. ಚಿಕ್ಕಮ್ಮ ಒಳಗಿನಿಂದ ಚಹಾ ತಂದು ಅವರ ಕೈಗೆ ಕೊಟ್ಟಳು. ಲೋಟದಿಂದ ಹಬೆ ಏಳುತ್ತಿತ್ತು. ಅಪ್ಪನಿಗೆ ಸುಮ್ಮನಿರಲಾದೀತೇ?

"ಎಷ್ಟು ಡಿಗ್ರಿ ಇದೆಯಮ್ಮಾ?" ಎಂದ.

"ಗೊತ್ತಿಲ್ಲ ಭಾವ" ಎಂದಳು ಚಿಕ್ಕಮ್ಮ, ಗೊಬ್ಬರಣ್ಣನ ಕಡೆ ನೋಡುತ್ತಾ. "ನೋಡಲಿಲ್ಲ."